ಹೋರಿ ಹಬ್ಬಕ್ಕೂ ಒಂದು ಲ್ಯಾಕ್ಟೋಮೀಟರ್ ಬೇಕು



ಬಲಿಪಾಡ್ಯಮಿ ಕಳೆಯುತ್ತಿದ್ದಂತೆ ಹಾವೇರಿ, ಶಿವಮೊಗ್ಗ ಜಿಲ್ಲೆಗಳ ಊರುಗಳಲ್ಲಿ ಹೋರಿ ಬೆದರಿಸುವ ಹಬ್ಬ ಶುರುವಾಗುತ್ತದೆ. ಕೊರಳಿಗೆ ಕೊಬ್ಬರಿ ಹಾರ, ಕೋಡಿಗೆ ಬಲೂನು, ಬೆನ್ನಿಗೆ ಜೂಲ ಹಾಕಿಸಿಕೊಂಡ ಹೋರಿ ಅಖಾಡಕ್ಕೆ ಇಳಿದರೆ ಊರಿಗೆ ಊರೇ ಎದ್ದು ನಿಲ್ಲುತ್ತದೆ. ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಿ ಬಂದು, ಅದೇ ಕೈಯಲ್ಲಿ ಹೋರಿಗೆ ಹುರುಳಿ ಇಡುವವರು ನೀವೇ. ಆದ್ದರಿಂದ ಈ ಮಾತನ್ನು ನಿಮಗೇ ಹೇಳಬೇಕು: ಈ ಹಬ್ಬದಲ್ಲಿ ಜನ ಸಾಯುತ್ತಿದ್ದಾರೆ. ಸತ್ತವರಲ್ಲಿ ಹೋರಿ ಹಿಡಿಯಲು ಹೋದವರಷ್ಟೇ ಅಲ್ಲ, ಸುಮ್ಮನೆ ನೋಡಲು ನಿಂತವರೂ ಇದ್ದಾರೆ.

ಹೀಗಾದಾಗಲೆಲ್ಲ "ಹಬ್ಬವನ್ನೇ ನಿಲ್ಲಿಸಿ" ಎನ್ನುವವರು ಒಂದು ಕಡೆ, "ಹಣೆಬರಹ, ಯಾರೇನು ಮಾಡೋಕಾಗುತ್ತೆ" ಎನ್ನುವವರು ಇನ್ನೊಂದು ಕಡೆ. ಎರಡನ್ನೂ ನಾನು ಒಪ್ಪುವುದಿಲ್ಲ. ಹೋರಿ ಹಿಡಿಯುವ ಹುಡುಗ ಅಪಾಯ ಗೊತ್ತಿದ್ದೇ ಇಳಿಯುತ್ತಾನೆ. ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ದಾರಿ ಬದಿ ನಿಂತ ಅಜ್ಜ ಅಂಥ ಯಾವ ಅಪಾಯವನ್ನೂ ಒಪ್ಪಿಕೊಂಡವನಲ್ಲ. ಅವನನ್ನು ಕಾಯುವುದು ಹಬ್ಬ ಮಾಡಿಸುವ ಸಮಿತಿಯ ಹೊಣೆ.

ಸಂಘದಲ್ಲಿ ನಾವು ಇಪ್ಪತ್ತು ವರ್ಷದಿಂದ ಹಾಲು ಹಾಕುವವರ ಹಾಲನ್ನೂ ಪರೀಕ್ಷಿಸದೆ ಕ್ಯಾನಿಗೆ ಸುರಿಯುವುದಿಲ್ಲ. ಅದು ಅಪನಂಬಿಕೆಯಲ್ಲ. ಒಬ್ಬರ ಹಾಲು ಕೆಟ್ಟಿದ್ದರೆ ಇಡೀ ಕ್ಯಾನು ಕೆಡುತ್ತದೆ ಎಂಬ ತಿಳಿವಳಿಕೆ. ಹಬ್ಬಕ್ಕೂ ಅದೇ ಶಿಸ್ತು ಬೇಕು.

ಮೊದಲನೆಯದು ಬೇಲಿ. ಒಂದೇ ಸಾಲು ಗಳ ಕಟ್ಟಿದರೆ ಜನ ಅದಕ್ಕೇ ಒರಗಿ ನಿಲ್ಲುತ್ತಾರೆ. ಹೋರಿ ಗುದ್ದಿದರೆ ಗಳವೂ ಅವರ ಮೇಲೆಯೇ. ತಮಿಳುನಾಡಿನ ಜಲ್ಲಿಕಟ್ಟು ನಿಯಮಗಳು ಎರಡು ಸಾಲಿನ ಬೇಲಿಯನ್ನೂ ಪಶುವೈದ್ಯರ ತಪಾಸಣೆಯನ್ನೂ ಕೇಳುತ್ತವೆ. ನಮಗೂ ಅದು ಸಾಧ್ಯ.

ಎರಡನೆಯದು ಅಖಾಡದ ಕೊನೆ. ಎಲ್ಲರ ಕಣ್ಣು ಹೋರಿ ಬಿಡುವ ಜಾಗದ ಮೇಲಿರುತ್ತದೆ. ಆದರೆ ಬೆದರಿದ ಹೋರಿ ಅಖಾಡ ದಾಟಿದ ಮೇಲೂ ಓಡುತ್ತದೆ. ಅದು ಅಂಗಡಿ ಬೀದಿಗೆ ನುಗ್ಗದೆ ಬಯಲಿನ ಕಡೆ ತಿರುಗುವಂತೆ ದಾರಿ ಇಡಿ. ಕೊನೆಯಲ್ಲಿ ಹಗ್ಗ ಹಿಡಿದು ಹೋರಿಯ ಮನೆಯವರೇ ನಿಲ್ಲಲಿ.

ಮೂರನೆಯದು ಚಿಕಿತ್ಸೆ. ಆಂಬುಲೆನ್ಸ್ ಸ್ಥಳದಲ್ಲೇ ಇರಲಿ, ಅದು ಹೊರಡುವ ದಾರಿ ಖಾಲಿ ಇರಲಿ. ಕೋಡಿನ ಗಾಯ ಹೊರಗೆ ಸಣ್ಣದಾಗಿ ಕಂಡರೂ ಒಳಗೆ ಆಳವಾಗಿರಬಹುದು. "ಎದ್ದು ನಡೆದನಲ್ಲ" ಎಂದು ಮನೆಗೆ ಕಳಿಸಬೇಡಿ.

ನಾಲ್ಕನೆಯದೇ ಕಷ್ಟದ್ದು. ನಿಲ್ಲಿಸುವ ಅಧಿಕಾರ ಒಬ್ಬರ ಕೈಯಲ್ಲಿರಬೇಕು, ಅವರ ಹೋರಿ ಆ ದಿನ ಅಖಾಡದಲ್ಲಿ ಇರಬಾರದು. ಬೇಲಿ ಮುರಿದಾಗ, ಜನ ದಾರಿಗೆ ಇಳಿದಾಗ ಅವರು "ಬೇಡ" ಎಂದರೆ ಮುಂದಿನ ಹೋರಿ ಬಿಡಬಾರದು, ಅದು ಯಾರ ಮನೆಯದೇ ಆಗಿರಲಿ.

ಕಂಬಳ, ಹೋರಿ ಓಟಗಳಿಗೆ ಅವಕಾಶ ಕೊಟ್ಟ ನಮ್ಮ ರಾಜ್ಯದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿಯಿತು. ಅದೇ ತೀರ್ಪು, ನಿಯಮಗಳು ಕಟ್ಟುನಿಟ್ಟಾಗಿ ಪಾಲನೆಯಾಗುವಂತೆ ನೋಡಿಕೊಳ್ಳುವ ಹೊಣೆಯನ್ನು ಜಿಲ್ಲಾ ದಂಡಾಧಿಕಾರಿಗಳ ಮೇಲೂ ಹೊರಿಸಿದೆ. ಸಂಭ್ರಮದ ಅರ್ಧವನ್ನು ಮಾತ್ರ ನೆನಪಿಟ್ಟುಕೊಂಡರೆ ಉಳಿದರ್ಧ ಒಂದು ದಿನ ಹಬ್ಬವನ್ನೇ ನಿಲ್ಲಿಸೀತು.

"ಇಷ್ಟಕ್ಕೆಲ್ಲ ದುಡ್ಡೆಲ್ಲಿ?" ಎಂದು ಕೇಳುವಿರಿ. ಬಹುಮಾನಕ್ಕೆ ಬೈಕು ಇಡುವ ಸಮಿತಿಗೆ ಎರಡನೇ ಸಾಲಿನ ಗಳಕ್ಕೆ ದುಡ್ಡಿಲ್ಲವೆಂದರೆ ನಂಬುವುದು ಕಷ್ಟ.

ಈ ಸಲ ಸಮಿತಿಯವರು ವಂತಿಗೆಗೆ ನಿಮ್ಮ ಮನೆ ಬಾಗಿಲಿಗೆ ಬಂದಾಗ ಖಂಡಿತ ಕೊಡಿ. ಕೊಡುವ ಮುನ್ನ ಎರಡೇ ಪ್ರಶ್ನೆ ಕೇಳಿ: ಓಡಿದ ಹೋರಿ ಎಲ್ಲಿ ನಿಲ್ಲುತ್ತದೆ? ನಿಲ್ಲಿಸಿ ಎನ್ನುವವರು ಯಾರು? ಉತ್ತರ ಸಿಕ್ಕ ಮೇಲೆ ರಸೀದಿ ಬರೆಸಿ.