ನಾಯಿಮರಿ ಷೆಡ್ಡಿನ ಬೆಳೆಯಲ್ಲ

ಯಗಟಿ ಹೋಬಳಿಯ ಯುವ ರೈತನೊಬ್ಬ ಈಚೆಗೆ ನನ್ನ ಬಳಿ ಬಂದು, ಖಾಲಿ ಬಿದ್ದಿರುವ ಕೋಳಿ ಷೆಡ್ಡಿನಲ್ಲಿ ಜಾತಿ ನಾಯಿ ಸಾಕಿದರೆ ಹೇಗೆಂದು ಕೇಳಿದ. ಪಟ್ಟಣದ ದಲ್ಲಾಳಿಯೊಬ್ಬ ಹತ್ತು ಹೆಣ್ಣು ನಾಯಿ ತಂದುಕೊಡುತ್ತಾನಂತೆ; ಹುಟ್ಟಿದ ಮರಿಗಳನ್ನು ತಿಂಗಳು ತುಂಬುತ್ತಲೇ ತಾನೇ ಕೊಂಡೊಯ್ಯುತ್ತಾನಂತೆ. ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದ. ವರ್ಷಕ್ಕೆ ಎರಡು ಸೂಲು, ಸೂಲಿಗೆ ಆರು ಮರಿ, ಒಟ್ಟು 120 ಮರಿ. ಈರುಳ್ಳಿ ಬೆಲೆ ಬಿದ್ದು ಕೈಸುಟ್ಟುಕೊಂಡವನಿಗೆ ಇಂಥ ಲೆಕ್ಕ ಸಿಹಿಯಾಗಿ ಕಂಡರೆ ತಪ್ಪೇನಿಲ್ಲ. ಆದರೂ ನಾನು ಬೇಡವೆಂದೆ.

ನಾನು ಪಶುವೈದ್ಯನಲ್ಲ, ಬೆಳೆಯ ಮನುಷ್ಯ. ಆದರೆ ಕುರಿ ಸಾಕಿದ ನಮ್ಮ ರೈತರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಗರ್ಭ ಸುಮಾರು 63 ದಿನ. ಮೇಲೆ ಆರೇಳು ವಾರ ಹಾಲೂಡಿಸಬೇಕು. ಬಂದ ಬೆದೆಯನ್ನೆಲ್ಲ ಬಿಡದೆ ಮರಿ ಮಾಡಿಸುತ್ತಾ ಹೋದರೆ ತಾಯಿಯ ಮೂಳೆಯಲ್ಲಿನ ಸತ್ವವೇ ಹಾಲಾಗಿ ಇಳಿದುಹೋಗುತ್ತದೆ. ಗೊಬ್ಬರ ಕಾಣಿಸದೆ ಬೆಳೆಯ ಮೇಲೆ ಬೆಳೆ ತೆಗೆದ ಹೊಲವಾದರೂ ಒಂದು ವರ್ಷ ಬೀಳು ಬಿಟ್ಟರೆ ಸುಧಾರಿಸೀತು. ತಂತಿ ಗೂಡಿನಲ್ಲಿ ಬಿಸಿಲು ಕಾಣದೆ, ತನ್ನ ಕೊಳಕಿನಲ್ಲೇ ಮಲಗುವ ನಾಯಿಗೆ ಬೀಳು ಬಿಡುವವರಾರು? ಮರಿ ನಿಂತುಹೋದ ಮೇಲೆ ದಲ್ಲಾಳಿ ಅದನ್ನು ವಾಪಸು ಕೊಳ್ಳುವನೇ ಎಂದು ಕೇಳಿದೆ. ಚೀಟಿಯಲ್ಲಿ ಆ ಬಾಬ್ತು ಇರಲಿಲ್ಲ. ಕೊನೆಗೆ ಅದು ರಸ್ತೆಗೇ ಬೀಳುತ್ತದೆ.

ತಿಂಗಳಿಗೇ ತಾಯಿಯಿಂದ ಕಿತ್ತ ಮರಿಯ ಗತಿಯೂ ಇಷ್ಟೇ. ಪಾರ್ವೊ ಎಂಬ ರಕ್ತಭೇದಿಗೆ ಮೊದಲ ಲಸಿಕೆ ಹಾಕುವುದೇ ಆರರಿಂದ ಎಂಟು ವಾರದಲ್ಲಿ. ಲಸಿಕೆಯಿಲ್ಲದ ಮರಿಗಳನ್ನು ಒಂದೇ ಬುಟ್ಟಿಯಲ್ಲಿ ತುಂಬಿ ಸಾಗಿಸಿದರೆ ಒಂದರ ರೋಗ ಎಲ್ಲಕ್ಕೂ. ಸಾವಿರಾರು ರೂಪಾಯಿ ಕೊಟ್ಟ ಪಟ್ಟಣದ ಮನೆಯಲ್ಲಿ ಮರಿ ವಾರದೊಳಗೆ ಸಾಯುತ್ತದೆ, ಮಕ್ಕಳು ಅಳುತ್ತವೆ.

ಕಾನೂನೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ 2017ರಲ್ಲಿ ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮಗಳು ಬಂದಿವೆ. ಮಾರಾಟಕ್ಕೆಂದು ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಹೆಣ್ಣು ನಾಯಿಗೆ 18 ತಿಂಗಳು ತುಂಬಿರಬೇಕು. ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದೇ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನಮ್ಮ ಯುವಕನ 120 ಮರಿಯಲ್ಲಿ 60 ಇಲ್ಲಿಗೇ ಹೋದವು. ಉಳಿದವುಗಳಿಂದ ಮೇವು, ಲಸಿಕೆ, ವೈದ್ಯರ ಖರ್ಚು ಕಳೆಯಿರಿ.

ಹಾಗಾದರೆ ಮುಧೋಳದವರು ಮಾಡುತ್ತಿಲ್ಲವೇ ಎಂದು ಕೇಳುವವರುಂಟು. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಮುಧೋಳ ನಾಯಿಯನ್ನು ಅಲ್ಲಿ ಅನೇಕ ಕುಟುಂಬಗಳು ಸಾಕಿ, ಮರಿ ಮಾರಿ, ನಾಲ್ಕು ಕಾಸು ನೋಡುತ್ತಿರುವುದು ನಿಜ. ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಆದರೆ ಮನೆಯವರ ಜೊತೆ ಬೆಳೆದು ಹೊಲದಲ್ಲಿ ಓಡುವ ಒಂದೆರಡು ನಾಯಿಯ ಮಾತು ಬೇರೆ, ಬೀಗ ಹಾಕಿದ ಷೆಡ್ಡಿನ ಮಾತು ಬೇರೆ.

ಈ ದಂಧೆ ನಿಂತಿರುವುದು ಕೊಳ್ಳುವವರ ಮೇಲೆ. ಪಟ್ಟಣದಲ್ಲಿರುವ ನಿಮ್ಮ ಮಕ್ಕಳು, ನೆಂಟರು ಮರಿ ಕೊಳ್ಳಹೊರಟರೆ, ತಾಯಿಯನ್ನು ತೋರಿಸೆಂದು ಕೇಳಲು ಹೇಳಿ. ಬಸ್ ನಿಲ್ದಾಣದಲ್ಲಿ ಬುಟ್ಟಿಯೊಳಗೆ ತಂದುಕೊಡುತ್ತೇನೆನ್ನುವವನು ತಾಯಿಯನ್ನು ತೋರಿಸಲಾರ. ನಿಮ್ಮೂರ ಬಳಿ ಯಾರಾದರೂ ನಾಯಿಗಳನ್ನು ಹೀಗೆ ಕೂಡಿಹಾಕಿದ್ದರೆ ಪಶು ಆಸ್ಪತ್ರೆಗೋ ಪೊಲೀಸ್ ಠಾಣೆಗೋ ತಿಳಿಸಿ. ನೆರೆಯವನ ದಾಕ್ಷಿಣ್ಯ ಅಡ್ಡ ಬಂದೀತು. ಮೊದಲು ಅವನಿಗೇ ಒಂದು ಮಾತು ಹೇಳಿ ನೋಡಿ.

ಇನ್ನು ತೋಟ, ಕುರಿಹಟ್ಟಿಯ ಕಾವಲಿಗೆ ನಾಯಿ ಬೇಕಾದವರು ದುಡ್ಡು ಕೊಡುವ ಅಗತ್ಯವೇ ಇಲ್ಲ. ನಮ್ಮ ಸೀಮೆಯ ಬಿಸಿಲಿಗೆ ಒಗ್ಗಿದ ನಾಟಿ ಮರಿ ಯಾವುದಾದರೊಂದು ಹಟ್ಟಿಯಲ್ಲಿ ಸಿಕ್ಕೇ ಸಿಗುತ್ತದೆ. ಎರಡು ತಿಂಗಳು ತಾಯಿಯ ಬಳಿ ಬಿಟ್ಟು ತನ್ನಿ. ಮೂರು ತುಂಬಿದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ.