ಹದಿನೆಂಟು ವರ್ಷದ ಕಾಯುವಿಕೆ, ಹದಿನೆಂಟು ಗಂಟೆಯ ಆತುರ



ಒಂದು ನಾಡಿನ ಒಂದು ವರ್ಷವನ್ನು ಅಳೆಯುವುದಕ್ಕೆ ನಮ್ಮ ಪತ್ರಿಕೆಗಳು ಒಂದು ಕ್ರಮವನ್ನು ಇಟ್ಟುಕೊಂಡಿವೆ. ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ‘ವರ್ಷದ ಹಿನ್ನೋಟ’ ಎಂಬ ಪುಟ ಬರುತ್ತದೆ. ರಾಜಕೀಯಕ್ಕೆ ಒಂದು ಅಂಕಣ, ಸಾಹಿತ್ಯಕ್ಕೆ ಒಂದು, ಕ್ರೀಡೆಗೆ ಒಂದು, ಅಗಲಿದ ಗಣ್ಯರಿಗೆ ಒಂದು. ಒಂದು ಅಂಕಣದ ಸುದ್ದಿಗೂ ಪಕ್ಕದ ಅಂಕಣದ ಸುದ್ದಿಗೂ ಯಾವ ಸಂಬಂಧವೂ ಇಲ್ಲವೆಂಬಂತೆ ನಡುವೆ ಗೆರೆ ಎಳೆದಿರುತ್ತಾರೆ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಇತಿಹಾಸದ ಪಾಠ ಹೇಳಿದ ನನಗೆ ಈ ಗೆರೆಗಳು ಎಂದೂ ಒಪ್ಪಿಗೆಯಾಗಿಲ್ಲ. ಕರ್ನಾಟಕದ ಮಟ್ಟಿಗೆ 2025ನೆಯ ಇಸವಿಯನ್ನು ಆ ಗೆರೆಗಳನ್ನು ಅಳಿಸಿ ಓದಿ ನೋಡಿ. ನನಗೆ ಕಾಣುವುದು ಇಷ್ಟು: ಈ ನಾಡಿಗೆ ಗೆಲ್ಲುವುದು ಗೊತ್ತಿದೆ, ಗೆದ್ದವರನ್ನು ಗೌರವಿಸುವುದು ಗೊತ್ತಿಲ್ಲ. ಆ ತಿಳಿಗೇಡಿತನಕ್ಕೆ ಆ ವರ್ಷ ಹನ್ನೊಂದು ಎಳೆಯ ಜೀವಗಳನ್ನು ತೆತ್ತೆವು.

ಜನವರಿಯಿಂದಲೇ ಆರಂಭಿಸೋಣ. 2025ರ ಜನವರಿ 18ರಂದು ವಡೋದರದಲ್ಲಿ ವಿಜಯ್ ಹಜಾರೆ ಟ್ರೋಫಿಯ ಅಂತಿಮ ಪಂದ್ಯ ನಡೆಯಿತು. ಮಯಂಕ್ ಅಗರ್‌ವಾಲ್ ನಾಯಕತ್ವದ ಕರ್ನಾಟಕ ತಂಡ ವಿದರ್ಭವನ್ನು 36 ರನ್ನುಗಳಿಂದ ಸೋಲಿಸಿ ಐದನೆಯ ಬಾರಿಗೆ ಆ ಪ್ರಶಸ್ತಿಯನ್ನು ಗೆದ್ದುಕೊಂಡಿತು. ಸ್ಮರಣ್ ರವಿಚಂದ್ರನ್ ಎಂಬ ಎಳೆಯ ಆಟಗಾರ ಅಂದು 101 ರನ್ ಹೊಡೆದ. ನಮ್ಮ ನಾಡಿನ ಹೆಸರನ್ನೇ ಹೊತ್ತ ತಂಡ, ನಮ್ಮ ಮೈದಾನಗಳಲ್ಲಿ ಬೆಳೆದ ಹುಡುಗರು, ಇಡೀ ದೇಶದ ರಾಜ್ಯಗಳ ನಡುವಣ ಪಂದ್ಯಾವಳಿ. ಆ ರಾತ್ರಿ ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಒಂದು ಪಟಾಕಿಯ ಸದ್ದೂ ಕೇಳಲಿಲ್ಲ.

ಮರುದಿನ, ಜನವರಿ 19ರಂದು, ನವದೆಹಲಿಯಲ್ಲಿ ಮೊತ್ತಮೊದಲ ಖೊಖೊ ವಿಶ್ವಕಪ್ಪಿನ ಅಂತಿಮ ಪಂದ್ಯಗಳು ನಡೆದವು. ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ, ಪುರುಷರು 54–36ರಿಂದ ಸೋಲಿಸಿದರು. ಮಹಿಳೆಯರ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಅಂತಿಮ ಪಂದ್ಯದ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡವರೂ ಅವರೇ. ಪುರುಷರ ತಂಡದಲ್ಲಿ ನಮ್ಮವರೇ ಆದ ಎಂ. ಕೆ. ಗೌತಮ್ ಇದ್ದರು. ಸುಣ್ಣದ ಗೆರೆ, ಎರಡು ಕಂಬ, ಒಂದಿಷ್ಟು ಸಮತಟ್ಟಾದ ನೆಲ ಇವಿಷ್ಟರಿಂದಲೇ ನಡೆಯುವ ಆಟವದು. ಸರ್ಕಾರಿ ಶಾಲೆಯ ಅಂಗಳದಲ್ಲಿ ಬರಿಗಾಲಿನಲ್ಲಿ ಆಡಿ ಕಲಿಯುವ ಆಟ. ಆ ಆಟದಲ್ಲಿ ವಿಶ್ವವನ್ನು ಗೆದ್ದು ಬಂದ ಇಬ್ಬರಿಗೆ ನಮ್ಮ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ನೆರೆಯ ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿಯನ್ನೂ ಸರ್ಕಾರಿ ಉದ್ಯೋಗವನ್ನೂ ಘೋಷಿಸಿತ್ತು. ನಮ್ಮ ಇಬ್ಬರೂ ಆ 5 ಲಕ್ಷವನ್ನು ಬೇಡವೆಂದರು. ಹಣದಾಸೆ ಎಂದು ಮೂಗು ಮುರಿದವರೂ ಉಂಟು. ನನಗೆ ಅದರಲ್ಲಿ ಕಂಡದ್ದು ಸ್ವಾಭಿಮಾನ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಸರ್ಕಾರಕ್ಕೆ ಯಾರಾದರೂ ಅಷ್ಟನ್ನಾದರೂ ಹೇಳಬೇಕಿತ್ತು.

ಇನ್ನು ಜೂನ್. 3ನೆಯ ತಾರೀಖಿನ ರಾತ್ರಿ ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್ನುಗಳಿಂದ ಸೋಲಿಸಿ ಹದಿನೆಂಟನೆಯ ಪ್ರಯತ್ನದಲ್ಲಿ ಐಪಿಎಲ್ ಗೆದ್ದಿತು. ಈ ತಂಡ ಯಾರದು ಎಂಬುದನ್ನು ಒಮ್ಮೆ ಯೋಚಿಸಬೇಕು. 2025ರಲ್ಲಿ ಅದರ ಒಡೆತನ ಬ್ರಿಟನ್ನಿನ ಡಿಯಾಜಿಯೋಗೆ ಸೇರಿದ ಯುನೈಟೆಡ್ ಸ್ಪಿರಿಟ್ಸ್ ಎಂಬ ಮದ್ಯದ ಕಂಪನಿಯದು. ಅಂತಿಮ ಪಂದ್ಯಕ್ಕೆ ಇಳಿದ ಹನ್ನೊಂದು ಮಂದಿಯಲ್ಲಿ ಕರ್ನಾಟಕದ ಆಟಗಾರ ಮಯಂಕ್ ಅಗರ್‌ವಾಲ್ ಒಬ್ಬರೇ. ನಮ್ಮವರೇ ಆದ ವೈಶಾಖ್ ವಿಜಯಕುಮಾರ್ ಅಂದು ಎದುರಾಳಿ ಪಂಜಾಬಿನ ಪರ ಚೆಂಡು ಎಸೆಯುತ್ತಿದ್ದರು. ಜನವರಿಯಲ್ಲಿ ಮಯಂಕರು ನಮ್ಮ ನಾಡಿಗಾಗಿಯೇ ಕಪ್ ಗೆದ್ದು ತಂದಾಗ ಅವರನ್ನು ಎದುರುಗೊಳ್ಳಲು ಬೀದಿಗೆ ಬಂದವರು ಯಾರು?

ಜೂನ್ 4ರಂದು ಉಪಮುಖ್ಯಮಂತ್ರಿಗಳೇ ವಿಮಾನ ನಿಲ್ದಾಣಕ್ಕೆ ಹೋಗಿ ತಂಡವನ್ನು ಬರಮಾಡಿಕೊಂಡರು. ಸಂಜೆ ವಿಧಾನಸೌಧದ ಮಹಾಮೆಟ್ಟಿಲುಗಳ ಮೇಲೆ ರಾಜ್ಯಪಾಲರು, ಮುಖ್ಯಮಂತ್ರಿಗಳು, ಮಂತ್ರಿಗಳು ಸೇರಿ ಸನ್ಮಾನಿಸಿದರು. ಗೆಲುವಿಗೂ ಸನ್ಮಾನಕ್ಕೂ ನಡುವೆ ಹದಿನೆಂಟು ಗಂಟೆಯೂ ಇರಲಿಲ್ಲ. ಅಂತಿಮ ಪಂದ್ಯದ ರಾತ್ರಿಯೆಲ್ಲ ಬೀದಿ ಕಾದ ಪೊಲೀಸರು ಕಣ್ಣು ಮುಚ್ಚಿರಲಿಲ್ಲ. ಮೆರವಣಿಗೆ ಉಂಟು ಎಂದು ತಂಡದ ಕಡೆಯವರು ಸಾರಿದರು, ಇಲ್ಲ ಎಂದು ಪೊಲೀಸರು ಹೇಳಿದರು, ಮತ್ತೆ ಉಂಟು ಎಂಬ ಸುದ್ದಿ ಮೊಬೈಲುಗಳಲ್ಲಿ ಹರಿದಾಡಿತು. ಸುಮಾರು 35,000 ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತಮುತ್ತ ಎರಡು ಮೂರು ಲಕ್ಷ ಜನ ಸೇರಿದ್ದರೆಂದು ಅನಂತರ ಮುಖ್ಯಮಂತ್ರಿಗಳೇ ಹೇಳಿದರು. ನಮ್ಮ ಕಡೆಯ ಅತ್ತಿಗುಪ್ಪೆ, ವಿಜಯನಗರ, ಹೊಸಹಳ್ಳಿ, ಮಾಗಡಿ ರಸ್ತೆ ಮೆಟ್ರೋ ನಿಲ್ದಾಣಗಳಲ್ಲಿ ಕೆಂಪು ಅಂಗಿ ತೊಟ್ಟ ಮಕ್ಕಳು ಕಿಕ್ಕಿರಿದಿದ್ದರು. ಜನಸಾಗರ ಮಿತಿಮೀರಿದ ಮೇಲೆ ಕಬ್ಬನ್ ಪಾರ್ಕ್ ಮತ್ತು ವಿಧಾನಸೌಧ ನಿಲ್ದಾಣಗಳಲ್ಲಿ ರೈಲು ನಿಲ್ಲಿಸುವುದನ್ನೇ ಬಿಟ್ಟರು. ಅಷ್ಟು ಹೊತ್ತಿಗೆ ಕ್ರೀಡಾಂಗಣದ ಬಾಗಿಲುಗಳ ಬಳಿ ಕಾಲ್ತುಳಿತ ಆಗಿಹೋಗಿತ್ತು. ಹನ್ನೊಂದು ಮಂದಿ ಸತ್ತರು, ಐವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸತ್ತವರಲ್ಲಿ ಶಾಲೆಗೆ ಹೋಗುವ ಹುಡುಗಿ ಇದ್ದಳು, ಕಾಲೇಜಿನ ವಿದ್ಯಾರ್ಥಿಗಳಿದ್ದರು, ಆಗಷ್ಟೇ ಕೆಲಸಕ್ಕೆ ಸೇರಿದವರಿದ್ದರು. ಹೊರಗೆ ಹೆಣ ಬಿದ್ದಿದ್ದಾಗಲೂ ಒಳಗೆ ಸಂಭ್ರಮ ನಡೆದಿತ್ತು.

ವಿಜಯನಗರದ ಉದ್ಯಾನದಲ್ಲಿ ಸಿಕ್ಕ ಹಳೆಯ ಶಿಷ್ಯನೊಬ್ಬ ನನ್ನೊಡನೆ ವಾದಕ್ಕೆ ನಿಂತ. “ಮೇಷ್ಟ್ರೇ, ಅಭಿಮಾನಕ್ಕೆ ನೀವು ಲೆಕ್ಕ ಕೇಳ್ತೀರಾ? ಹದಿನೆಂಟು ವರ್ಷ ಕಾದಿದ್ದೀವಿ. ಜನ ತಾವಾಗಿ ಬಂದರು. ಅದಕ್ಕೆ ಸರ್ಕಾರ ಏನು ಮಾಡುತ್ತೆ?” ಎಂದ. ಅವನ ಅಭಿಮಾನ ಸುಳ್ಳಲ್ಲ. ಅದನ್ನು ಹಳಿಯುವ ಹಕ್ಕು ನನಗಿಲ್ಲ. 1974ರಲ್ಲಿ, ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರು ಪಡೆದ ಮರುವರ್ಷವೇ, ಪ್ರಸನ್ನರ ನಾಯಕತ್ವದ ನಮ್ಮ ತಂಡ ಹದಿನೈದು ವರ್ಷ ಸತತವಾಗಿ ರಣಜಿ ಟ್ರೋಫಿಯನ್ನು ಕೈಬಿಡದಿದ್ದ ಮುಂಬಯಿಯನ್ನು ಬೆಂಗಳೂರಿನಲ್ಲಿ ಹಿಂದಿಕ್ಕಿತು. ಭದ್ರಾವತಿಯ ವಿಶ್ವನಾಥ್ 162 ರನ್ ಹೊಡೆದ ಸುದ್ದಿಯನ್ನು ಟ್ರಾನ್ಸಿಸ್ಟರ್ ಸುತ್ತ ಕುಳಿತು ಕೇಳಿದ ಪೀಳಿಗೆ ನಮ್ಮದು. ಆದುದರಿಂದ ಕುಣಿಯುವ ಕಾಲುಗಳ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ಆ ಕುಣಿತವನ್ನು ಕ್ಯಾಮೆರಾದ ಚೌಕಟ್ಟಿನೊಳಗೆ ಹಿಡಿದು ತಮ್ಮದಾಗಿಸಿಕೊಳ್ಳಲು ಓಡಿಬಂದವರ ಮೇಲೆ. ಹದಿನೆಂಟು ವರ್ಷ ಕಾದ ಜನರು ಇನ್ನೂ ಹತ್ತು ದಿನ ಕಾಯುತ್ತಿದ್ದರು. ಕಾಯಲಾಗದೆ ಹೋದದ್ದು ಅಧಿಕಾರದಲ್ಲಿದ್ದವರಿಗೆ, ಮತ್ತು ಅಭಿಮಾನ ಬಿಸಿಯಾಗಿರುವಾಗಲೇ ಅದನ್ನು ಮಾರಿಕೊಳ್ಳಬೇಕಾಗಿದ್ದ ವ್ಯಾಪಾರಿಗಳಿಗೆ.

ಆಮೇಲೆ ನಡೆದುದೆಲ್ಲ ನಮಗೆ ಬಾಯಿಪಾಠವಾಗಿರುವ ಕ್ರಮವೇ. ಜೂನ್ 5ರಂದು ನಗರ ಪೊಲೀಸ್ ಆಯುಕ್ತರನ್ನು ಅಮಾನತು ಮಾಡಿದರು, ಜುಲೈನಲ್ಲಿ ಅಮಾನತು ಹಿಂತೆಗೆದುಕೊಂಡರು. ನ್ಯಾಯಮೂರ್ತಿ ಮೈಕೆಲ್ ಡಿ’ಕುನ್ಹ ಅವರ ಆಯೋಗ ನೇಮಿಸಿದರು. ಪರಿಹಾರವನ್ನು 10 ಲಕ್ಷದಿಂದ 25 ಲಕ್ಷ ರೂಪಾಯಿಗೆ ಏರಿಸಿದರು. ಜನಸಂದಣಿ ನಿಯಂತ್ರಣಕ್ಕೆಂದು ಆಗಸ್ಟ್‌ನಲ್ಲಿ ಮಸೂದೆ ಮಂಡಿಸಿದರು. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಕುಂಭಮೇಳದಲ್ಲಿ ಆಗಲಿಲ್ಲವೇ ಎಂಬ ಮಾತೂ ಕೇಳಿಬಂತು. ನಿಜ, ಅದೇ ವರ್ಷದ ಜನವರಿಯಲ್ಲಿ ಪ್ರಯಾಗದಲ್ಲಿ ಆಯಿತು, ಸೆಪ್ಟೆಂಬರ್‌ನಲ್ಲಿ ತಮಿಳುನಾಡಿನ ಕರೂರಿನಲ್ಲೂ ಆಯಿತು. ಪಕ್ಕದ ಬೆಂಚಿನವನೂ ಲೆಕ್ಕ ತಪ್ಪು ಮಾಡಿದ್ದಾನೆ ಎಂಬ ಕಾರಣಕ್ಕೆ ನಾನು ಯಾವ ವಿದ್ಯಾರ್ಥಿಗೂ ಅಂಕ ಕೊಟ್ಟವನಲ್ಲ. ಬೆಂಗಳೂರಿಗೆ ನಿಗದಿಯಾಗಿದ್ದ ಮಹಿಳೆಯರ ಕ್ರಿಕೆಟ್ ವಿಶ್ವಕಪ್ ಪಂದ್ಯಗಳು ಈ ದುರಂತದ ಬಳಿಕ ಕೈತಪ್ಪಿ ನವಿ ಮುಂಬಯಿಗೆ ಹೋದವು. ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ಮೊದಲ ಬಾರಿಗೆ ವಿಶ್ವಕಪ್ ಗೆದ್ದದ್ದು ಅಲ್ಲಿಯೇ.

ನಮ್ಮವರಿಗೆ ಸಾವಧಾನದ ಸನ್ಮಾನ ಮಾಡಲು ಬರುವುದೇ ಇಲ್ಲ ಎನ್ನಲಾಗದು. ಮೇ 20ರಂದು ಲಂಡನ್ನಿನಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ, ಅವುಗಳನ್ನು ಇಂಗ್ಲಿಷಿಗೆ ತಂದ ದೀಪಾ ಭಸ್ತಿಯವರ ಜೊತೆಗೆ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದ ಕೃತಿಯೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು, ಸಣ್ಣಕಥೆಗಳ ಸಂಕಲನಕ್ಕೆ ಬಂದದ್ದೂ ಅದೇ ಮೊದಲು. ಜೂನ್ 2ರಂದು ವಿಧಾನಸೌಧದಲ್ಲಿ ಅವರಿಬ್ಬರನ್ನು ಸರ್ಕಾರ ಸನ್ಮಾನಿಸಿತು. ಹದಿಮೂರು ದಿನಗಳ ಅವಕಾಶವಿತ್ತು, ಸಭಾಂಗಣವಿತ್ತು, ಆಹ್ವಾನಿತರಿದ್ದರು, ಯಾರಿಗೂ ಕೂದಲು ಕೊಂಕಲಿಲ್ಲ. ಎರಡೇ ದಿನಗಳ ಬಳಿಕ ಅದೇ ಕಟ್ಟಡದ ಮೆಟ್ಟಿಲುಗಳ ಮೇಲೆ ಆ ಸಾವಧಾನವೆಲ್ಲ ಎಲ್ಲಿ ಹೋಯಿತು?

ಸರ್ಕಾರವನ್ನು ಮಾತ್ರ ಬೈದು ನಾವು ಕೈತೊಳೆದುಕೊಳ್ಳುವಂತಿಲ್ಲ. ಅದೇ ಬಾನು ಮುಷ್ತಾಕ್ ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ ನಾಡು ಎರಡು ಹೋಳಾಯಿತು. 2017ರಲ್ಲಿ ನಿಸಾರ್ ಅಹಮದ್ ಅವರು ಅದೇ ದಸರಾವನ್ನು ಉದ್ಘಾಟಿಸಿದ್ದರು ಎಂಬುದನ್ನು ಮರೆತು ವಾದಗಳು ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ ವಜಾ ಆದವು. ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. 24ರಂದು ಎಸ್. ಎಲ್. ಭೈರಪ್ಪನವರು ಬೆಂಗಳೂರಿನಲ್ಲಿ ತೀರಿಕೊಂಡರು. ಒಂದೇ ವಾರದಲ್ಲಿ ಕನ್ನಡದ ಇಬ್ಬರು ಕಥನಕಾರರು ನಾಡಿನ ಮಾತಿನ ಕೇಂದ್ರದಲ್ಲಿದ್ದರು. ಓದುವ ನಾಡಾಗಿದ್ದರೆ ಅದೊಂದು ಹಬ್ಬವಾಗಬೇಕಿತ್ತು. ಆದರೆ ನಾನು ಕೇಳಿದ ಮಾತುಗಳಲ್ಲಿ ಹೆಚ್ಚಿನವು ಯಾರು ಯಾವ ಪಾಳೆಯದವರು ಎಂಬುದನ್ನು ಕುರಿತವೇ. ಒಬ್ಬರನ್ನು ಹೊಗಳುವವರು ಇನ್ನೊಬ್ಬರನ್ನು ತೆಗಳಲೇಬೇಕು, ಇಬ್ಬರ ಪುಸ್ತಕವನ್ನೂ ತೆರೆಯಬೇಕಾಗಿಲ್ಲ! ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬಂತೆ ಇಲ್ಲಿ ಬಡವಾದದ್ದು ಓದು. ಕ್ರೀಡೆಯಲ್ಲಿ ಗುಂಪು, ಸಾಹಿತ್ಯದಲ್ಲಿ ಜಗಳ: ಇವೆರಡರ ಹೊರಗೆ ಗೌರವಕ್ಕೆ ಮೂರನೆಯ ದಾರಿಯನ್ನು ನಾವು ಉಳಿಸಿಕೊಂಡಿಲ್ಲ.

ಅದೇ ವರ್ಷದ ಅಕ್ಟೋಬರ್ 13ರಂದು ಅಟ್ಲಾಂಟಿಕ್ ಸಾಗರದ ಕೇಪ್ ವರ್ಡ್ ಎಂಬ ಪುಟ್ಟ ದೇಶ ಎಸ್ವಾಟಿನಿಯನ್ನು 3–0ರಿಂದ ಸೋಲಿಸಿ ಮೊದಲ ಬಾರಿಗೆ ಫುಟ್ಬಾಲ್ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ಹತ್ತು ದ್ವೀಪಗಳು, ಐದು ಲಕ್ಷ ಚಿಲ್ಲರೆ ಜನ. ಜನರೆಲ್ಲ ಪಂದ್ಯ ನೋಡಲೆಂದು ಅಲ್ಲಿಯ ಸರ್ಕಾರ ಅರ್ಧ ದಿನ ರಜೆ ಕೊಟ್ಟಿತ್ತು. ಅಲ್ಲಿಯೂ ಜನ ಬೀದಿಯಲ್ಲಿ ಕುಣಿದರು. ಆದರೆ ಅವರು ಕುಣಿದದ್ದು ದೇಶದ ಅಂಗಿ ತೊಟ್ಟವರಿಗಾಗಿ. ಆರು ಕೋಟಿಗೂ ಮೀರಿದ ನಾವು ನಾಡಿನ ಅಂಗಿ ತೊಟ್ಟವರಿಗೆ ಜನವರಿಯಲ್ಲಿ ಬೆನ್ನು ತಿರುಗಿಸಿ, ಕಂಪನಿಯ ಅಂಗಿ ತೊಟ್ಟವರಿಗೆ ಜೂನ್‌ನಲ್ಲಿ ರಾಜಮರ್ಯಾದೆ ಮಾಡಿದೆವು.

ಹಾಗಾದರೆ ಮಾಡಬೇಕಾದುದೇನು? ನನ್ನ ಬೇಡಿಕೆಗಳು ಮೂರೇ. ಮೊದಲನೆಯದು, ವಿಧಾನಸೌಧದ ಮೆಟ್ಟಿಲು ನಾಡನ್ನು ಪ್ರತಿನಿಧಿಸಿದವರಿಗೆ ಮೀಸಲಾಗಲಿ. ಖಾಸಗಿ ತಂಡದ ವಿಜಯೋತ್ಸವವನ್ನು ಅದರ ಒಡೆಯರು ತಮ್ಮ ಹಣದಲ್ಲಿ, ತಮ್ಮ ಹೊಣೆಯಲ್ಲಿ, ಲಿಖಿತ ಅನುಮತಿ ಪಡೆದು ಮಾಡಿಕೊಳ್ಳಲಿ. ಎರಡನೆಯದು, ಯಾವುದೇ ಸಾರ್ವಜನಿಕ ಸನ್ಮಾನಕ್ಕೂ ಗೆಲುವಿನಿಂದ ಕನಿಷ್ಠ ಹತ್ತು ದಿನಗಳ ಅಂತರವಿರಲಿ. ಆ ಅವಧಿಯಲ್ಲಿ ಆರಿಹೋಗುವ ಅಭಿಮಾನವಾಗಿದ್ದರೆ ಅದಕ್ಕೆ ಸನ್ಮಾನದ ಅಗತ್ಯವೂ ಇಲ್ಲ. ಮೂರನೆಯದು, ಖೊಖೊ, ಕ್ರಿಕೆಟ್, ಸಾಹಿತ್ಯ ಎನ್ನದೆ ಯಾವ ಸಾಧನೆಗೆ ಏನು ಮನ್ನಣೆ ಎಂಬ ನಿಯಮವನ್ನು ಮುಂಚಿತವಾಗಿ ಬರೆದು ಪ್ರಕಟಿಸಲಿ. ನವೆಂಬರ್ 23ರಂದು ಕೊಲಂಬೋದಲ್ಲಿ ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ದೀಪಿಕಾ ಟಿ. ಸಿ. ಕರ್ನಾಟಕದ ಪರ ಆಡುವವರು. ಅಂಥವರು ತಮಗೆ ಸಲ್ಲಬೇಕಾದುದಕ್ಕೆ ಯಾರ ಮರ್ಜಿಯನ್ನೂ ಕಾಯುವಂತಾಗಬಾರದು.

ನಮ್ಮ ಪಾಲಿಗೂ ಒಂದು ಕೆಲಸವಿದೆ. ರಾಜಾಜಿನಗರದಿಂದ ಕೆಂಗೇರಿಯವರೆಗೆ ಎಷ್ಟು ಶಾಲೆಗಳ ಅಂಗಳದಲ್ಲಿ ಇಂದಿಗೂ ಖೊಖೊ ಕಂಬ ನೆಟ್ಟಿದೆ ಎಂದು ನಿಮ್ಮ ಮೊಮ್ಮಕ್ಕಳನ್ನು ಕೇಳಿ ನೋಡಿ. ಕಂಬವಿಲ್ಲದ ಶಾಲೆಯ ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಬರೆಯಿರಿ. ರಾಜ್ಯದ ತಂಡ ಆಡುವ ದಿನ, ಪ್ರೇಕ್ಷಕರೇ ಇಲ್ಲದ ಆ ಕಲ್ಲುಮೆಟ್ಟಿಲುಗಳ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಒಂದು ಅಧಿವೇಶನವಾದರೂ ನೋಡಿ. ಬಾನು ಅವರದೊಂದು ಕಥೆ, ಭೈರಪ್ಪನವರದೊಂದು ಅಧ್ಯಾಯ ಓದಿದ ಮೇಲೆ ಬೇಕಾದಷ್ಟು ಜಗಳವಾಡಿ, ನಾನೂ ಸೇರಿಕೊಳ್ಳುತ್ತೇನೆ. ಜೂನ್ 4ರಂದು ಮನೆಯಿಂದ ಹೊರಟು ಹಿಂದಿರುಗದ ಮಕ್ಕಳ ತಂದೆತಾಯಿಗಳಿಗೆ ನಾವು ಕೊಡಬಹುದಾದ ಉತ್ತರ ಯಾವ ಆಯೋಗದ ವರದಿಯಲ್ಲೂ ಇರಲಾರದು. ಇನ್ನೊಂದು ಗೆಲುವು ಬಂದ ದಿನ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದರಲ್ಲಿ ಅದು ಇರುತ್ತದೆ.