ಬೀದಿಯು ಮರಿ ಹಾಕುವುದಿಲ್ಲ

ನಾಯಿಯು ಒಂದು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲು, ಎರಡು ಕಿವಿ, ಒಂದು ಬಾಲ ಉಂಟು. ಅದು ಮನೆಯನ್ನು ಕಾಯುತ್ತದೆ ಎಂದು ನಾವು ವರ್ಷಕ್ಕೊಮ್ಮೆ ಮಕ್ಕಳಿಂದ ಒಕ್ಕೊರಲಿನಲ್ಲಿ ಹೇಳಿಸುತ್ತೇವೆ. ಕಾಲು, ಕಿವಿ, ಬಾಲಗಳ ವಿಷಯದಲ್ಲಿ ಮಕ್ಕಳಿಗೆ ಸಂದೇಹವಿಲ್ಲ, ಎಣಿಸಿ ನೋಡಬಹುದು. ಸಂದೇಹವೆಲ್ಲ 'ಸಾಕುಪ್ರಾಣಿ' ಎಂಬ ಪದದಲ್ಲಿದೆ. ಶಾಲೆಯ ಅಂಗಳದಲ್ಲಿ ಕುಂದುರ್ಪಿ ಸೀಮೆಯ ಬಿಸಿಲಿಗೆ ನಾಲಗೆ ಚಾಚಿ ಮಲಗಿರುವ ಮೂರು ನಾಯಿಗಳನ್ನು ಸಾಕಿದವರು ಯಾರು? ಪಠ್ಯಪುಸ್ತಕವು ಹೇಳುವುದಿಲ್ಲ. ಶಿಕ್ಷಕರ ತರಬೇತಿಯಲ್ಲಿಯೂ ನಮಗೆ ಯಾರೂ ಹೇಳಿಕೊಡಲಿಲ್ಲ. ಊರನ್ನು ಕೇಳಿದರೆ ಉತ್ತರ ಸಿದ್ಧವಾಗಿದೆ: "ಅದೇನು ಬಿಡಿ ಮೇಷ್ಟ್ರೆ, ಬೀದಿನಾಯಿ."

ಈ ಒಂದು ಮಾತಿನ ಮೇಲೆಯೇ ನಮ್ಮ ತಕರಾರು. ಬೀದಿಯೆಂಬುದು ಮಣ್ಣು, ಜಲ್ಲಿ, ಡಾಂಬರುಗಳಿಂದ ಆದದ್ದು. ಅದು ಮರಿ ಹಾಕುವುದಿಲ್ಲ, ಮೊಲೆಯೂಡಿಸುವುದಿಲ್ಲ, ರಾತ್ರಿ ಮಿಕ್ಕ ಮುದ್ದೆಯನ್ನು ಹಿತ್ತಲಿಗೆ ಎಸೆಯುವುದಿಲ್ಲ. ಇವನ್ನೆಲ್ಲ ಮಾಡುವವರು, ಅಥವಾ ಆಗಲು ಬಿಡುವವರು, ಎರಡು ಕಾಲಿನವರು. ತಮ್ಮ ಕೆಲಸದ ಫಲವನ್ನು ಅವರು ಬೀದಿಯ ಹೆಸರಿಗೆ ಬರೆದು ಕೈ ತೊಳೆದುಕೊಳ್ಳುತ್ತಾರೆ. ಮಾತನಾಡಲು ಬಾರದ ಬೀದಿಯು ದಾವಾ ಹೂಡಲಾರದು. ಆದಕಾರಣ ಅದರ ಪರವಾಗಿ ನಾವು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಾಯಿಗಳನ್ನು ನೋಡುವುದಕ್ಕಿಂತ ನಾಯಿಗಳನ್ನು ನೋಡುತ್ತಿರುವ ಮನುಷ್ಯರನ್ನು ನೋಡುವುದು ಹೆಚ್ಚು ಜ್ಞಾನದಾಯಕ. ಅದಕ್ಕೆ ಖರ್ಚಿಲ್ಲ, ಕಲ್ಯಾಣದುರ್ಗದ ಬಸ್ಸಿಗೆ ಕಾಯುವ ಯಾವನಿಗಾದರೂ ವಿರಾಮವು ಧಾರಾಳವಾಗಿ ದೊರೆಯುತ್ತದೆ. ಹೀಗೆ ಕಾದು ಕಾದು ನಮ್ಮ ಊರವರನ್ನು ಮೂರು ಪಕ್ಷಗಳಾಗಿ ವಿಂಗಡಿಸಲು ನಮಗೆ ಸಾಧ್ಯವಾಗಿದೆ.

ಮೊದಲನೆಯದು ಕಲ್ಲಿನ ಪಕ್ಷ. ಇವರು ನಾಯಿಯನ್ನು ಕಂಡೊಡನೆ ಬಗ್ಗುತ್ತಾರೆ. ಹಿರಿಯರ ಮುಂದೆ ಬಗ್ಗದವರು, ದೇವರ ಮುಂದೆ ಅರ್ಧ ಮಾತ್ರ ಬಗ್ಗುವವರು, ನಾಯಿಯ ಮುಂದೆ ನೆಲ ಮುಟ್ಟುವವರೆಗೆ ಬಗ್ಗುತ್ತಾರೆ. ನಮ್ಮದು ಗಡಿಸೀಮೆ, ಕರ್ನಾಟಕದ ಪಾವಗಡ, ಚಳ್ಳಕೆರೆ ತಾಲ್ಲೂಕುಗಳು ದೂರವಿಲ್ಲ. ಇಲ್ಲಿಯ ನಾಯಿಯನ್ನು ಕೆಲವರು ಕನ್ನಡದಲ್ಲಿ 'ಹಚಾ' ಎನ್ನುವರು, ಕೆಲವರು 'ಕುಕ್ಕ' ಎಂದು ತೆಲುಗಿನಲ್ಲಿ ಬಯ್ಯುವರು. ನಾಯಿಯು ಎರಡಕ್ಕೂ ಕಿವಿಗೊಡುವುದಿಲ್ಲ. ಮನುಷ್ಯನು ಬಗ್ಗಿದನೆಂದರೆ ಮಾತ್ರ ಓಡುತ್ತದೆ, ಕೆಳಗೆ ಕಲ್ಲು ಇರಲಿ ಇಲ್ಲದಿರಲಿ. ಭಾಷಾವಾರು ಪ್ರಾಂತಗಳು 1956ರ ನವೆಂಬರ್ 1ರಂದು ಆದುವು. ಆದರೆ ಬಗ್ಗುವ ಭಾಷೆಯೊಂದು ಮಾತ್ರ ಗಡಿಯ ಎರಡು ಕಡೆಗೂ ಒಂದೇ ಆಗಿ ಉಳಿದಿದೆ. ಗಡಿ ಆಯೋಗದ ಕೆಲಸವನ್ನು ನಾಯಿಯು ಸ್ವತಃ ಒಂದು ಕಾಲೆತ್ತಿ ಅರೆನಿಮಿಷದಲ್ಲಿ ಮುಗಿಸುತ್ತದೆ. ಅದಕ್ಕಾಗಿ ಬಸ್ಸು ಸುಟ್ಟವರಿಲ್ಲ.

ಎರಡನೆಯದು ಬಿಸ್ಕತ್ತಿನ ಪಕ್ಷ. ಇದು ಈಚೆಗೆ ಬೆಳೆದದ್ದು. ಐದು ರೂಪಾಯಿಯ ಪೊಟ್ಟಣವೊಂದನ್ನು ಒಡೆದು, ಆರು ನಾಯಿಗಳ ನಡುವೆ ಎಸೆದು, ಮೊಬೈಲಿನಲ್ಲಿ ಚಿತ್ರ ತೆಗೆದು, ಭೂತದಯೆಯು ಸಂಪನ್ನವಾಯಿತೆಂದು ಬಸ್ಸು ಹತ್ತುವವರು ಇವರು. ಆರು ನಾಯಿಗಳು ನಾಲ್ಕು ಬಿಸ್ಕತ್ತುಗಳಿಗಾಗಿ ಕಚ್ಚಾಡುವಾಗ ಮಧ್ಯದಲ್ಲಿ ಸಿಕ್ಕಿದ ಮಗುವಿನ ಚಿತ್ರವು ಅವರ ಮೊಬೈಲಿನಲ್ಲಿ ಇರುವುದಿಲ್ಲ.

ಮೂರನೆಯದು ಅರ್ಧ ಒಡೆತನದ ಪಕ್ಷ. ಸಂಖ್ಯೆಯಲ್ಲಿ ಇದೇ ದೊಡ್ಡದು, ನಮ್ಮ ಆಕ್ಷೇಪಣೆಯೂ ಮುಖ್ಯವಾಗಿ ಇದರ ಮೇಲೆಯೇ. ಇವರ ನಾಯಿಯು ರಾತ್ರಿಯಲ್ಲಿ ಶೇಂಗಾ ರಾಶಿಯನ್ನು ಕಾಯುವಾಗ 'ನಮ್ಮ ನಾಯಿ'. ಬೆಳಿಗ್ಗೆ ಅಂಚೆಯವನ ಕಾಲು ಹಿಡಿದಾಗ 'ಯಾರದೋ ನಾಯಿ'. ಅದು ಮರಿ ಹಾಕಿತೆನ್ನಿ. ಗಂಡುಮರಿಗೆ ಗಿರಾಕಿಗಳುಂಟು. ಹೆಣ್ಣುಮರಿಗಳನ್ನು ಕಣ್ಣು ಬಿಡುವ ಮೊದಲೋ ಬಿಟ್ಟ ಮೇಲೋ ಗೋಣಿಚೀಲದಲ್ಲಿ ತುಂಬಿ, ಕತ್ತಲಾದ ಮೇಲೆ ಪಕ್ಕದ ಊರಿನ ಎಲ್ಲೆಯಲ್ಲಿ ಇಳಿಸಿ ಬರುತ್ತಾರೆ. ಪಕ್ಕದ ಊರಿನವರು ಋಣದಲ್ಲಿ ಉಳಿಯುವವರಲ್ಲ. ಮುಂದಿನ ತಿಂಗಳು ತಮ್ಮ ಚೀಲವನ್ನು ತಂದು ನಮ್ಮ ಎಲ್ಲೆಯಲ್ಲಿ ಇಳಿಸುತ್ತಾರೆ. ಎರಡು ಊರುಗಳ ನಡುವೆ ಇದಕ್ಕಿಂತ ನಿಯತವಾದ ವ್ಯವಹಾರವನ್ನು ನಾವು ಕಂಡಿಲ್ಲ. ಹೆಣ್ಣುನಾಯಿಯು ವರ್ಷಕ್ಕೆ ಎರಡು ಸಲ ಮರಿ ಹಾಕಬಲ್ಲದು. ಸಲಕ್ಕೆ ಐದೆಂದು ಹಿಡಿದರೂ ಒಂದು ಚೀಲದ ಬಡ್ಡಿ ಎರಡು ವರ್ಷಗಳಲ್ಲಿ ಎಷ್ಟಾಗುವುದೆಂಬ ಲೆಕ್ಕವನ್ನು ನಮ್ಮ ನಾಲ್ಕನೆಯ ತರಗತಿಯವರು ಮಾಡುತ್ತಾರೆ; ಚೀಲ ಹೊತ್ತವರು ಮಾಡುವುದಿಲ್ಲ. 2019ರ ಜಾನುವಾರು ಗಣತಿಯು ದೇಶದ ಬೀದಿನಾಯಿಗಳನ್ನು ಸುಮಾರು 1 ಕೋಟಿ 53 ಲಕ್ಷವೆಂದು ಎಣಿಸಿತು. ಇವಾವುವೂ ಆಕಾಶದಿಂದ ಉದುರಿದವಲ್ಲ.

ನಾಯಿಯ ವಿಷಯದಲ್ಲಿ ಇಂತಹ ಅರ್ಧಮನಸ್ಸು ನಮ್ಮ ಪರಂಪರೆಯಲ್ಲಿತ್ತೆ? ನೋಡೋಣ. ಮಹಾಭಾರತವು ಆರಂಭದಲ್ಲಿಯೇ ಒಂದು ನಾಯಿಯ ದೂರನ್ನು ದಾಖಲು ಮಾಡಿದೆ. ಜನಮೇಜಯನ ಯಾಗಶಾಲೆಗೆ ಬಂದ ಮರಿಯೊಂದನ್ನು ಅವನ ತಮ್ಮಂದಿರು ಹೊಡೆದರು. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ನೋಡಿಯೂ ಇರಲಿಲ್ಲ. ತಾಯಿ ಸರಮೆಯು ಬಂದು ಕಾರಣ ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಕಲ್ಲಿನ ಪಕ್ಷದ ಮೂಲಪುರುಷರು ಅವರೇ ಇರಬೇಕು. ಅದೇ ಗ್ರಂಥದ ಕೊನೆಯಲ್ಲಿ ಧರ್ಮರಾಯನು, ತನ್ನನ್ನು ನೆಚ್ಚಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದನು. ಅವನು ಒಂದು ಬಿಸ್ಕತ್ತು ಎಸೆದು ರಥ ಹತ್ತಲಿಲ್ಲವೆಂಬುದನ್ನು ಎರಡನೆಯ ಪಕ್ಷದವರು ಗಮನಿಸಬೇಕು.

ಕನ್ನಡನಾಡಿನ ಮಾತಿಗೇ ಬರೋಣ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ಶಾಸನ ದೊರೆತಿದೆ. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗನು ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಅವನು ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಆ ಕಾಳಿಯು ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿದರು, ಭೂಮಿಯನ್ನು ಬಿಟ್ಟರು, ಆ ಕಲ್ಲನ್ನು ಪೂಜಿಸದೆ ಗೊರವನು ಉಣಬಾರದೆಂದು ಕಟ್ಟು ಮಾಡಿದರು. ಸಾವಿರ ವರ್ಷಗಳಾಚೆಯ ಆ ನಾಯಿಗೆ ಹೆಸರಿದೆ, ಒಡೆಯನಿದ್ದಾನೆ, ಲೆಕ್ಕವಿದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಹೊರಬಂದಿತು. ಅದರ ಗುತ್ತಿಯನ್ನು ಜನರು ಗುರುತಿಸುವುದು ಅವನ ಹುಲಿಯನೆಂಬ ನಾಯಿಯಿಂದ. 'ನಾಯಿಗುತ್ತಿ' ಎಂದೇ ಅವನ ಹೆಸರು. ನಮ್ಮ ಬಯಲುಸೀಮೆಯ ಕುರಿಗಾಹಿಗಳು ಇಂದಿಗೂ ಮಂದೆಯ ನಾಯಿಗೆ ತಾವು ಉಣ್ಣುವ ಮುದ್ದೆಯಲ್ಲಿ ಪಾಲು ತೆಗೆದಿಟ್ಟು, ಹೆಸರು ಹಿಡಿದು ಕರೆಯುತ್ತಾರೆ. ಅಕ್ಷರ ಕಲಿತ ಊರಿನವರು ಮಾತ್ರ ನಾಯಿಯನ್ನು ಅನಾಮಧೇಯ ಪತ್ರದಂತೆ ಬೀದಿಗೆ ಬಿಟ್ಟಿದ್ದಾರೆ.

ಇದುವರೆಗೆ ನಕ್ಕದ್ದಾಯಿತು. ಇನ್ನು ಮುಂದಿನದು ನಗುವ ಮಾತಲ್ಲ.

ನಾಯಿ ಕಡಿದಾಗ ನಮ್ಮ ಮೂರು ಪಕ್ಷಗಳೂ ಭಿನ್ನಾಭಿಪ್ರಾಯವನ್ನು ಮರೆತು ಒಂದಾಗುತ್ತವೆ. ಗಾಯಕ್ಕೆ ಒಬ್ಬರು ಅರಿಶಿನ ಮೆತ್ತುತ್ತಾರೆ, ಒಬ್ಬರು ಸುಣ್ಣ ಹಚ್ಚುತ್ತಾರೆ, ಒಬ್ಬರು ಖಾರದ ಪುಡಿ ತುಂಬುತ್ತಾರೆ. ನೋಡಿದವನಿಗೆ ಗಾಯವೋ ಅಡಿಗೆಯೋ ತಿಳಿಯದು. ಬಳಿಕ ಮಗುವನ್ನು ಮಂತ್ರ ಹಾಕುವವನ ಬಳಿಗೆ ಒಯ್ಯುತ್ತಾರೆ. "ಅವನು ಹಾಕಿದ ನೂರು ಜನರಲ್ಲಿ ಯಾರೂ ಸತ್ತಿಲ್ಲ" ಎಂಬುದು ಅವರ ವಾದ. ಈ ವಾದದ ಹುಳುಕನ್ನು ಬಿಡಿಸಿ ತೋರಿಸುವುದು ಅವಶ್ಯ. ಕಡಿಯುವ ನಾಯಿಗಳಲ್ಲಿ ಬಹುಪಾಲಿಗೆ ಹುಚ್ಚು ಹಿಡಿದಿರುವುದಿಲ್ಲ. ಮಂತ್ರ ಹಾಕದಿದ್ದರೂ ಅವರು ಸಾಯುತ್ತಿರಲಿಲ್ಲ. ಹುಚ್ಚುನಾಯಿಯೇ ಕಡಿದಿದ್ದರೆ ರೋಗದ ವಿಷಾಣುವು ನರಗಳ ಹಾದಿಯಲ್ಲಿ ಮೆಲ್ಲಮೆಲ್ಲನೆ ಮಿದುಳಿಗೆ ಏರುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು, ಕೆಲವೊಮ್ಮೆ ಒಂದೇ ವಾರ, ಕೆಲವೊಮ್ಮೆ ಒಂದು ವರ್ಷ. ಅಷ್ಟರಲ್ಲಿ ಮಂತ್ರದವನ ದಕ್ಷಿಣೆ ಸಂದಿರುತ್ತದೆ, ಊರು ಮರೆತಿರುತ್ತದೆ. ನೀರನ್ನು ಕಂಡು ಬೆದರುವ ಲಕ್ಷಣ ತೋರಿದ ಮೇಲೆ ಯಾವ ದೊಡ್ಡ ಆಸ್ಪತ್ರೆಯೂ ಉಳಿಸಿಕೊಳ್ಳಲಾರದು.

ಅಷ್ಟು ಕ್ರೂರವಾದ ಈ ರೋಗವನ್ನು ತಡೆಯುವುದು ಅಷ್ಟೇ ಸುಲಭ. ಗಾಯವನ್ನು ತತ್‌ಕ್ಷಣ ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆಯಬೇಕು. ಏನನ್ನೂ ಮೆತ್ತಬಾರದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಮೊದಲ ಸೂಜಿಯ ದಿನವನ್ನು ಸೊನ್ನೆಯೆಂದು ಎಣಿಸಿ 0, 3, 7, 28ನೆಯ ದಿನಗಳಲ್ಲಿ ತೋಳಿನ ಚರ್ಮದೊಳಗೆ ಲಸಿಕೆ ಹಾಕುತ್ತಾರೆ. ರಕ್ತ ಬರುವಂತೆ ಕಡಿದಿದ್ದರೆ ಗಾಯದ ಸುತ್ತಲೇ ಹಾಕುವ ಇನ್ನೊಂದು ಮದ್ದೂ ಬೇಕು. ಹೊಟ್ಟೆಗೆ ಹದಿನಾಲ್ಕು ಸೂಜಿಗಳೆಂದು ಅಜ್ಜಿಯರು ಹೆದರಿಸುವುದು ಕುರಿಯ ಮಿದುಳಿನಿಂದ ಮಾಡುತ್ತಿದ್ದ ಹಳೆಯ ಮದ್ದಿನ ಕಥೆ. ಅದು ನಿಂತು ಎಷ್ಟೋ ವರ್ಷಗಳಾದುವು. ಫ್ರಾನ್ಸಿನ ಲೂಯಿ ಪಾಶ್ಚರನು 1885ರ ಜುಲೈ 6ರಂದು ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಮದ್ದು ಚುಚ್ಚಿ ಬದುಕಿಸಿದನು. ಅದಾಗಿ 140 ವರ್ಷಗಳು ಕಳೆದ ಮೇಲೂ ಭಾರತದಲ್ಲಿ ವರ್ಷಕ್ಕೆ 18,000ದಿಂದ 20,000 ಜನರು ಈ ರೋಗದಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಈಚಿನ ಭಾರತೀಯ ಅಧ್ಯಯನವೊಂದು ಸುಮಾರು 5,700 ಎನ್ನುತ್ತದೆ. ಲೆಕ್ಕಿಗರು ವಾದಿಸಿಕೊಳ್ಳಲಿ. ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಅಳಿದರೂ ನಮ್ಮ ಪಾಲಿಗೆ ಆ ಲೆಕ್ಕ ದೊಡ್ಡದೇ.

2025ರ ಜುಲೈಯಲ್ಲಿ ದೆಹಲಿಯ ಮಗುವೊಂದರ ಸಾವಿನ ಸುದ್ದಿಯನ್ನು ಓದಿ ಸರ್ವೋಚ್ಚ ನ್ಯಾಯಾಲಯವು ತಾನಾಗಿ ಈ ವಿಷಯವನ್ನು ಕೈಗೆತ್ತಿಕೊಂಡಿತು. ಆಗಸ್ಟ್ 11ರಂದು ದೆಹಲಿಯ ನಾಯಿಗಳನ್ನೆಲ್ಲ ಹಿಡಿದು ಕೂಡಿಹಾಕಲು ಹೇಳಿತು. 22ರಂದು ಅದನ್ನು ತಿದ್ದಿ, ಶಸ್ತ್ರಚಿಕಿತ್ಸೆ ಮತ್ತು ಲಸಿಕೆಗಳಾದ ಆರೋಗ್ಯವಂತ ನಾಯಿಗಳನ್ನು ಇದ್ದಲ್ಲಿಗೇ ಬಿಡಲು ಹೇಳಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಮೊದಲಾದ ಆವರಣಗಳಿಂದ ಮಾತ್ರ ಅವನ್ನು ತೆಗೆದು ಆಶ್ರಯಗಳಲ್ಲಿ ಇಡಬೇಕೆಂದು ದೇಶಕ್ಕೆಲ್ಲ ಆಜ್ಞೆ ಮಾಡಿತು. ಪತ್ರಿಕೆಗಳಲ್ಲಿ ನಾಯಿಯ ಪರವಾಗಿಯೂ ವಿರುದ್ಧವಾಗಿಯೂ ದೊಡ್ಡ ಕೋಲಾಹಲವಾಯಿತು. ನಮ್ಮ ಅಂಗಳದ ಮೂವರಿಗೆ ಇದಾವುದೂ ತಿಳಿಯದು. ಅವು ಬರುವುದು ಬಿಸಿಯೂಟದ ಗಂಟೆಗೆ. ಹಾಜರಿಯಲ್ಲಿ ಮಕ್ಕಳಿಗಿಂತ ಮುಂದು. ಎಂಜಲೆಲೆಯನ್ನೂ ಮೊಟ್ಟೆಯ ಚೂರನ್ನೂ ಗೋಡೆಯ ಬುಡದಲ್ಲಿ ಚೆಲ್ಲುವ ತನಕ, ಮೂರನ್ನು ಒಯ್ದರೆ ಬೇರೆ ಮೂರು ಬರುತ್ತವೆ. ಕೊಂದರೂ ಅಷ್ಟೆ, ತೆರವಾದ ಜಾಗಕ್ಕೆ ಪಕ್ಕದ ಬೀದಿಯವು ಏರಿಬರುತ್ತವೆ. ಅನ್ನವಿದ್ದಲ್ಲಿ ನಾಯಿ ಇರುತ್ತದೆ. ಇದು ಕಾನೂನಿಗಿಂತ ಹಳೆಯ ಕಾನೂನು.

ಆದುದರಿಂದ ನಮ್ಮ ಬೇಡಿಕೆಗಳು ಸರಳವಾಗಿವೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿಯ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆ ಮಾಡಿಸುವುದು ಸ್ಥಳೀಯ ಸಂಸ್ಥೆಗಳ ಹೊಣೆ; ಪಂಚಾಯಿತಿಗಳು ಅದನ್ನು ಮಾಡಲಿ. ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ಲಸಿಕೆಯಾದರೆ ರೋಗದ ಸರಪಳಿ ಕಡಿಯುತ್ತದೆಂದು ತಜ್ಞರು ಹೇಳುತ್ತಾರೆ. ಗೋವಾ ರಾಜ್ಯವು ಈ ದಾರಿಯಲ್ಲಿಯೇ ನಡೆದು 2021ರಲ್ಲಿ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿತವಾಯಿತು. ನಾಯಿಯ ಕಾವಲನ್ನು ಉಣ್ಣುವ ಮನೆಯವರು ಅದರ ಕೊರಳಿಗೆ ಪಟ್ಟಿಯನ್ನೂ ಪಂಚಾಯಿತಿಯ ಪುಸ್ತಕದಲ್ಲಿ ಅದರ ಹೆಸರನ್ನೂ ಹಾಕಿಸಲಿ. ಹೆಣ್ಣುಮರಿಗೆ ಗೋಣಿಚೀಲದ ಬದಲು ಪಶುವೈದ್ಯರನ್ನು ತೋರಿಸಲಿ. ಎಂಜಲಿಗೂ ಕೋಳಿಯಂಗಡಿಯ ಕಸಕ್ಕೂ ಮುಚ್ಚಿದ ಗುಂಡಿಯಾಗಲಿ. ಮಕ್ಕಳಿಗೆ ಕಲ್ಲು ಕೊಡುವ ಬದಲು ಬುದ್ಧಿ ಕೊಡೋಣ: ಉಣ್ಣುವ, ಮಲಗಿರುವ, ಮರಿಗೆ ಹಾಲೂಡುವ ನಾಯಿಯನ್ನು ಕೆಣಕಬಾರದು, ಎದುರು ಬಂದರೆ ಓಡದೆ ಕಂಬದಂತೆ ನಿಲ್ಲಬೇಕು, ಹಲ್ಲು ತಾಗಿದರೆ, ಬಯ್ಯುತ್ತಾರೆಂದು ಮುಚ್ಚಿಡದೆ ಮನೆಯಲ್ಲಿ ಹೇಳಬೇಕು. ಹೇಳಿದ ಮಗುವನ್ನು ಮನೆಯವರು ಬಯ್ಯಬಾರದು.

ಕೊನೆಯದಾಗಿ, ನಮ್ಮ ಕನ್ನಡ ಸಂಘದ ಬಂಧುಗಳಿಗೆ ಒಂದು ಮಾತು. ನಾಮಫಲಕದ ಭಾಷೆಯನ್ನು ಕುರಿತು ನಾವು ಮಾಡುವ ಠರಾವುಗಳಲ್ಲಿ ಕಸುವಿದೆ, ಬೇಡವೆನ್ನುವುದಿಲ್ಲ. ಆ ಕಸುವಿನಲ್ಲಿ ಕಾಲು ಪಾಲನ್ನು ತೆಗೆದು, 'ನಾಯಿ ಕಡಿದರೆ ಸಾಬೂನು, ನೀರು, ಸೂಜಿ' ಎಂಬ ಫಲಕವೊಂದನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಊರೂರ ಬಸ್ ನಿಲ್ದಾಣದಲ್ಲಿ ನಿಲ್ಲಿಸೋಣ. ಮುಂದಿನ ಗ್ರಾಮಸಭೆಯಲ್ಲಿ ನಾಯಿಗಳ ಪುಸ್ತಕವೊಂದನ್ನು ತೆರೆಯಿಸೋಣ. ಹೆಸರು ಬರೆಸಲು ಮೊದಲು ಯಾರು ಎದ್ದು ನಿಲ್ಲುವರೋ ನೋಡಬೇಕೆಂಬ ಕುತೂಹಲ ನಮಗಿದೆ. ದುಂಡಗೆ ಬರೆಯುವವರು ಬೇಕಾದರೆ ಮೇಷ್ಟ್ರುಗಳಾದ ನಾವು ಇದ್ದೇವೆ, ಮಸಿಯೂ ನಮ್ಮದೇ.